ಗಾಲಿಯ ಹಿಂದಿನ ಕಲ್ಲು

ಸ್ವಿಟ್ಜರ್‌ಲ್ಯಾಂಡಿನ ಗುಡ್ಡದ ರಸ್ತೆಯಲ್ಲಿ ಕೆಂಪು ಸ್ಪೋರ್ಟ್ಸ್ ಕಾರು ಓಡಿಸುವ ಆಸೆ ನನ್ನದಲ್ಲ, ನಮ್ಮಣ್ಣನದು. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಕಾಲದಲ್ಲಿ ಅವನು ಯಾವುದೋ ಹಳೆಯ ಕ್ಯಾಲೆಂಡರಿನಿಂದ ಅಂಥದೊಂದು ಚಿತ್ರ ಹರಿದು ಸೀಟಿನ ಪಕ್ಕದ ಮಡ್‌ಗಾರ್ಡಿಗೆ ಅಂಟಿಸಿಕೊಂಡಿದ್ದ. ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಪಾಳಿ ಹಚ್ಚಿ ನಿಂತಾಗ ಅದನ್ನೇ ನೋಡುತ್ತ ಕೂಡುತ್ತಿದ್ದ. ಆಮೇಲೆ ಟ್ರ್ಯಾಕ್ಟರ್ ಬಿಟ್ಟ, ನಾಲ್ಕು ಎಮ್ಮೆ ಕಟ್ಟಿಕೊಂಡ, ಇಪ್ಪತ್ತೆರಡು ವರ್ಷ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ. ಅದಕ್ಕೆ ಕಾರಣ ನಾನೇ ಎಂದು ನನಗೆ ಗೊತ್ತಿತ್ತು.

ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಏರು ಹತ್ತುವಾಗ ನಡುವೆ ಉಸಿರು ಕಟ್ಟಿ ನಿಲ್ಲುವುದುಂಟು. ಆಗ ಜೊತೆಗಿದ್ದವನು ಕೆಳಗೆ ಜಿಗಿದು ಗಾಡಿ ಹಿಂದೆ ಉರುಳದಂತೆ ಹಿಂದಿನ ಗಾಲಿಗೆ ಕಲ್ಲು ಕೊಡಬೇಕು, ಗಾಡಿ ಹೊರಟ ಕೂಡಲೇ ಅದೇ ಕಲ್ಲನ್ನು ಎತ್ತಿಕೊಂಡು ಓಡಿ ಬಂದು ಹತ್ತಬೇಕು. ಆ ಕೆಲಸ ನನ್ನದಾಗಿತ್ತು. ಒಂದು ಮುಸ್ಸಂಜೆ ಕೃಷ್ಣಾ ಸೇತುವೆಯ ಏರಿನಲ್ಲಿ ಕಲ್ಲು ಕೊಟ್ಟೆ, ಗಾಡಿ ಹೊರಟಿತು, ನಾನು ಕಲ್ಲು ಬಿಟ್ಟು ಹಾಗೇ ಓಡಿ ಹತ್ತಿದೆ. ಸೋಮಾರಿತನ, ಬೇರೇನಿಲ್ಲ. ಹಿಂದೆ ಬರುತ್ತಿದ್ದ ನಮ್ಮೂರ ಹಾಲಿನವನ ಮೋಟಾರ್ ಸೈಕಲ್ಲು ಅದಕ್ಕೆ ಬಡಿಯಿತು. ಜೀವ ಉಳಿಯಿತು, ಕಾಲು ನೆಟ್ಟಗಾಗಲಿಲ್ಲ.

ಮರುದಿನ ಅಣ್ಣ ನನ್ನನ್ನು ಒಂದೇ ಮಾತು ಕೇಳಿದ. "ಕಲ್ಲ ಎತ್ತಿದ್ಯಾ?"

"ಎತ್ತಿದ್ನ್ಯೋ. ಅದು ಬ್ಯಾರೆ ಗಾಡಿದ ಇರಬೇಕು" ಎಂದೆ.

ಅವನು ನೇರ ಹಾಲಿನವನ ಮನೆಗೆ ಹೋಗಿ, ಕಲ್ಲು ನಮ್ಮದೇ, ತಪ್ಪು ತನ್ನದೇ ಎಂದು ಕೈಮುಗಿದು ಬಂದ. ನನ್ನ ತಪ್ಪನ್ನು ತಾನು ಹೊತ್ತುಕೊಂಡ ಎಂದೇ ನಾನು ತಿಳಿದೆ. ಹಾಲಿನವನು ಈಗಲೂ ಕುಂಟುತ್ತ ನಮ್ಮ ಮನೆಯ ಮುಂದೆ ಹಾಯುತ್ತಾನೆ, ನನ್ನನ್ನು ಕಂಡರೆ "ಆರಾಮ್ರಿ?" ಅನ್ನುತ್ತಾನೆ. ನಾನು ನಾಚಿಕೆಗೆಟ್ಟವನು, "ಆರಾಮ್ರಿ" ಅನ್ನುತ್ತೇನೆ.

ಮುಂದೆ ನಾನು ಅಥಣಿಯ ಕಡೆ ದ್ರಾಕ್ಷಿ ಹಚ್ಚಿದೆ, ಒಣದ್ರಾಕ್ಷಿ ಕೈಹಿಡಿಯಿತು. ಹೋದ ವರ್ಷ ತಲೆಯಲ್ಲಿ ಹುಳ ಹೊಕ್ಕಿತು: ಅಣ್ಣನನ್ನು ಆ ಕ್ಯಾಲೆಂಡರಿನ ಗುಡ್ಡಕ್ಕೇ ಕರೆದೊಯ್ಯಬೇಕು, ಅಲ್ಲಿ ಅವನ ಕೈಗೆ ಸ್ಟೇರಿಂಗ್ ಕೊಡಬೇಕು, ಕೊಡುವ ಹೊತ್ತಿಗೆ ನಿಜ ಹೇಳಿಬಿಡಬೇಕು. ಗಾಡಿ ಮುಟ್ಟದಿದ್ದರೂ ಅವನು ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತ ಬಂದಿದ್ದ. ಅದೇ ನನ್ನ ಧೈರ್ಯ. ಇಬ್ಬರಿಗೂ ವಿದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ ಮಾಡಿಸಿದೆ.

ಸ್ವಿಟ್ಜರ್‌ಲ್ಯಾಂಡಿನಲ್ಲಿ ಹಿಡಿದ ಬಾಡಿಗೆ ಕಾರು ಚಿತ್ರದಲ್ಲಿದ್ದಂತೆಯೇ ಕೆಂಪಗಿತ್ತು, ಎರಡೇ ಸೀಟು. ಅಣ್ಣ ಬಿಳಿ ಟೋಪಿ ಸರಿಮಾಡಿಕೊಂಡು ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ಟಿನ ಮೇಲೆ, ಎಮ್ಮೆಯ ಬೆನ್ನು ಸವರುವಂತೆ, ಕೈಯಾಡಿಸಿದ. ನಾನು ಕೀಲಿ ಚಾಚಿದೆ.

"ನಾ ಹೊಡಿಯಂಗಿಲ್ಲ. ನೀ ಹೊಡಿ, ನಾ ಗುಡ್ಡ ನೋಡ್ತೀನಿ."

ಅಲ್ಲಿಗೆ ನನ್ನ ಯೋಜನೆ ಮಣ್ಣುಪಾಲಾಯಿತು. ಸ್ಟೇರಿಂಗ್ ಎಡಕ್ಕೆ, ಓಡಿಸಬೇಕಾದ್ದು ರಸ್ತೆಯ ಬಲಕ್ಕೆ, ಪಕ್ಕದಲ್ಲಿ ಕಣ್ಣು ಹಾಯದಷ್ಟು ಆಳ. ಚಪ್ಪಟೆ ಕರಿಮಣ್ಣಿನ ಸೀಮೆಯವನು ನಾನು. ನಮ್ಮಲ್ಲಿ ಏರು ಎಂದರೆ ಸೇತುವೆ. ನೆಲಕ್ಕಂಟಿದ ಆ ಕಾರು, ಕಾಲು ತಾಗಿಸಿದರೆ ಸಾಕು, ಗುರ್ರೆಂದು ಹಾರುತ್ತಿತ್ತು. ಎತ್ತಿನಗಾಡಿಯ ವೇಗದಲ್ಲಿ ಹತ್ತಿಸಿದೆ. ಹಿಂದೆ ಸಾಲುಗಟ್ಟಿದ ಗಾಡಿಗಳವರು ಏನಂದುಕೊಂಡರೋ, ಅವರ ಭಾಷೆ ಬಾರದ್ದು ಪುಣ್ಯ. ಹಿಮ, ಹಸಿರು, ಜಲಪಾತ ಎಲ್ಲ ಇತ್ತಂತೆ. ನಾನು ರಸ್ತೆಯ ಬಿಳಿ ಗೆರೆಯೊಂದನ್ನೇ ನೋಡಿದೆ.

ಕಡಿದಾದ ಒಂದು ಏರಿನ ನಡುವೆ ಆಕಳ ಹಿಂಡು ಅಡ್ಡ ಬಂತು, ಕೊರಳಲ್ಲಿ ಕೊಡದಷ್ಟು ದೊಡ್ಡ ಗಂಟೆಗಳು. ಅಣ್ಣನ ಮುಖ ಅರಳಿತು. ನಾನು ಬ್ರೇಕ್ ಒತ್ತಿ ನಿಂತೆ. ಹಿಂದಿನ ಕಾರು ನಮ್ಮ ಬೆನ್ನಿಗೆ ಮೂಗು ಹಚ್ಚಿದಂತೆ ಬಂದು ನಿಂತಿತು. ಕಾರು ಹಿಂದೆ ಸರಿಯುತ್ತಿದೆ ಅನ್ನಿಸಿತು. ಇಳಿಜಾರಿನಲ್ಲಿ ತಾನೇ ಹಿಡಿದು ನಿಲ್ಲುವ ಕಾರು ಅದು, ಹಾಗೆಂದು ಹೇಳಿಯೇ ಕೊಟ್ಟಿದ್ದರು. ಯಾವುದೂ ನೆನಪಾಗಲಿಲ್ಲ. ಜೀವ ಬಾಯಿಗೆ ಬಂದು ಕೂಗಿದೆ, "ಅಣ್ಣಾ, ಕಲ್ಲ ಕೊಡೋ!"

ಅರವತ್ತರ ಹತ್ತಿರದ ಮನುಷ್ಯ ಆ ತಗ್ಗು ಸೀಟಿನಿಂದ ಹೇಗೆ ಎದ್ದನೋ. ರಸ್ತೆ ಬದಿಯ ಗೋಡೆಯಿಂದ ಉದುರಿದ್ದೊಂದು ಕಲ್ಲು ತಂದು ಹಿಂದಿನ ಗಾಲಿಗೆ ಒತ್ತಿ ಇಟ್ಟ. ಹಿಂದಿನ ಕಾರಿನ ದಂಪತಿ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಆಕಳು ದಾಟಿದವು. ನಾನು ಕಾಲು ಒತ್ತಿದ್ದೇ ತಡ ಕಾರು ಬಾಣದಂತೆ ಹೊರಟಿತು, ನಿಲ್ಲಿಸಲು ಜಾಗ ಸಿಕ್ಕಿದ್ದು ಒಂದು ತಿರುವು ಮುಂದೆ.

ಇಳಿದು ಕಾದೆ. ಒಂದೊಂದಾಗಿ ಗಾಡಿಗಳು ಬಂದವು, ಅಣ್ಣ ಬರಲಿಲ್ಲ. ಕೊನೆಗೆ ತಿರುವಿನಲ್ಲಿ ಬಿಳಿ ಟೋಪಿ ಕಂಡಿತು. ಕಲ್ಲನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು, ಏದುಸಿರು ಬಿಡುತ್ತ ಆ ಏರು ಹತ್ತಿ ಬರುತ್ತಿದ್ದ.

"ಅಲ್ಲೇ ಬದಿಗೆ ಒಗಿಬಾರದೇನೋ?"

"ಉರುಳಿ ರಸ್ತೇಕ ಬಂದ್ರ? ಯಾರರ ಬೀಳ್ತಾರ" ಎಂದು ಕಲ್ಲಿನ ಸಮೇತ ಸೀಟಿನಲ್ಲಿ ಕೂತ.

ನನಗೆ ತಡೆಯಲಾಗಲಿಲ್ಲ. ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ ಇಷ್ಟೇ ಹೊರಬಂತು: "ಅಣ್ಣಾ, ಅವತ್ತ ಸೇತುವಿ ಮ್ಯಾಲ ನಾ ಕಲ್ಲ ಎತ್ತಿದ್ದಿಲ್ಲ. ನಿನ್ನ ಮುಂದ ಸುಳ್ಳ ಹೇಳಿದ್ನಿ."

"ಗೊತ್ತೈತಿ."

ಬೆಟ್ಟದ ಕಡೆಗೆ ನೋಡುತ್ತಲೇ ಹೇಳಿದ. "ಕನ್ನಡ್ಯಾಗ ನೋಡಿದ್ನಿ. ನೀ ಬರೇ ಕೈಲೆ ಓಡಿ ಬಂದು ಹತ್ತಿದಿ. ನಿಲ್ಲಸ್ಬೇಕು ಅಂದ್ಕೊಂಡ್ನಿ. ನಿಂತ್ರ ಗಾಡಿ ಮತ್ತ ಏರಂಗಿಲ್ಲ, ಪಾಳಿ ತಪ್ಪತೈತಿ ಅಂತ ಹಂಗ ಹೊಡಕೊಂಡ ಹೋದ್ನಿ."

ಇಪ್ಪತ್ತೆರಡು ವರ್ಷ ಅವನು ಹೊತ್ತದ್ದು ನನ್ನ ತಪ್ಪನ್ನಲ್ಲ, ತನ್ನದನ್ನೇ. ನಾನು ಕ್ಷಮೆ ಕೇಳಿದರೆ ಇಳಿಯುವ ಭಾರ ಅದಾಗಿರಲಿಲ್ಲ. ಅಳು ಬಂತು, ಅತ್ತೆ. ಅವನು ಅಳಲಿಲ್ಲ. ಆದರೂ ಮೂರ್ಖನಂತೆ ಮತ್ತೊಮ್ಮೆ ಕೀಲಿ ಚಾಚಿದೆ. ಅವನ ಕೈಗಳು ಕಲ್ಲಿನ ಮೇಲಿಂದ ಏಳಲಿಲ್ಲ.

ಆಚೆ ಬದಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಅವನ ಬಲಗಾಲು ತನ್ನ ಮುಂದಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸಮತಟ್ಟು ಬಂದ ಮೇಲೆ ಕಾರು ನಿಲ್ಲಿಸಲು ಹೇಳಿದ. ಒಂದು ಹೊಲದ ಗೋಡೆಯ ಬುಡಕ್ಕೆ ಕಲ್ಲನ್ನಿಟ್ಟು, ಅಲುಗುತ್ತದೋ ಎಂದು ಕಾಲಿನಿಂದ ಎರಡು ಸಲ ಒತ್ತಿ ನೋಡಿದ. ತಿರುಗಿ ಬಂದು ಬಲಗಡೆಯ ಬಾಗಿಲು ತೆರೆದು ಕೂತ. ನಮ್ಮಲ್ಲಿ ಅದು ಡ್ರೈವರ್ ಕೂಡುವ ಜಾಗ. ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೇರಿಂಗ್ ಇರಬೇಕಾದಲ್ಲಿ ಸ್ವಲ್ಪ ಹೊತ್ತು ನೋಡಿ, "ನಡಿ" ಅಂದ.