ಗೋದಾಮಿನ ಮೂಗು

ಗೋದಾಮಿನ ಫೋರ್ಕ್‌ಲಿಫ್ಟ್‌ಗಳ ರಿಪೇರಿ ಮೇಸ್ತ್ರಿಗೆ ಕಣ್ಣು, ಕಿವಿ ಇರುವುದು ಬರೀ ಲಕ್ಷಣಕ್ಕೆ, ದುಡಿಯುವುದೆಲ್ಲ ಮೂಗು. ಆ ಗಾಡಿಗಳು ಓಡುವುದು ಸಿಲಿಂಡರ್ ಗ್ಯಾಸಿನಲ್ಲಿ. "ಒಳಗೆ ನೀರಿನ ಹಾಗಿರೋ ಗ್ಯಾಸನ್ನ ಬಿಸಿ ಮಾಡಿ ಆವಿ ಮಾಡ್ಬೇಕು, ಹದವಾಗಿ ಗಾಳಿ ಬೆರೆಸ್ಬೇಕು, ಥ್ರಾಟಲ್ ಬಾಗಿಲು ಎಷ್ಟು ತೆರೆಯುತ್ತೋ ಅಷ್ಟೇ ಎಂಜಿನ್ನಿಗೆ ಬಡಿಸ್ಬೇಕು," ಎನ್ನುವಾಗ ಅವನದು ಥೇಟ್ ಅಡುಗೆಯವನ ಗತ್ತು. ಹೊಗೆಕೊಳವೆಯಲ್ಲಿ ಕೂತ ಸೆನ್ಸರ್ ಅವನಿಗೆ ಒಡಹುಟ್ಟಿದ ತಮ್ಮ: "ಹೊಗೆ ಮೂಸಿ ನೋಡಿ, ಗ್ಯಾಸ್ ಜಾಸ್ತಿಯಾಯ್ತು ಅಂತ ಕಂಪ್ಯೂಟರ್‌ಗೆ ಚಾಡಿ ಹೇಳ್ತಾನೆ, ಕಳ್ಳ!" ಹೋದ ತಿಂಗಳು ಜ್ವರ ಬಂದು ಹೋದದ್ದೇ ತಡ, ಮೇಸ್ತ್ರಿಯ ಮೂಗಿಗೆ ಯಾವ ವಾಸನೆಯೂ ಹತ್ತದಾಯಿತು. ಮನೆಯಲ್ಲಿ ಹಾಲು ಸೀದರೂ ಗೊತ್ತಾಗಲಿಲ್ಲ. ಸೆನ್ಸರ್ ಕೆಟ್ಟರೆ ಹೊಸದು ಹಾಕಬಹುದು, ಇದಕ್ಕೆ ಬಿಡಿಭಾಗ ಎಲ್ಲಿಂದ ತರುವುದು? ಗ್ಯಾಸ್ ಸೋರಿದರೂ ತನಗೆ ತಿಳಿಯದಲ್ಲ ಎಂಬ ದಿಗಿಲಿಗೆ, ಪ್ರತಿ ಪೈಪಿಗೂ ಸೋಪುನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತ ಕೂರತೊಡಗಿದ, ತಮಾಷೆಯೆಲ್ಲ ನಿಂತುಹೋಯಿತು. ಇವತ್ತು ಸಿಲಿಂಡರ್ ಬದಲಿಸಲು ಪೈಪು ಬಿಚ್ಚಿದಾಗ, ಎಂದಿನಂತೆ ಒಂದು ಚೂರು ಗ್ಯಾಸು ಪುಸ್ಸೆಂದಿತು. "ಥೂ, ಕೊಳೆತ ಮೊಟ್ಟೆ ನಾತ!" ಎಂದು ಡ್ರೈವರ್ ಮೂಗು ಮುಚ್ಚಿಕೊಂಡ. ಮೇಸ್ತ್ರಿ ಇನ್ನೊಂದು ಸಲ ಉಸಿರೆಳೆದುಕೊಂಡ. "ಮೊಟ್ಟೆ ಅಲ್ಲ ಕಣಯ್ಯಾ," ಎಂದು ಮೂಗರಳಿಸಿದ, "ಕೊಳೆತ ಕೋಸು."