ಅರ್ಧ ದಾರಿಯ ಹುಲಿ-ಮೇಕೆ ಆಟ

ಚಿನ್ನದ ಗಣಿಯಿಂದ ರಿಟೈರಾಗಿ ಬಂದಾಗ ನಮ್ಮಪ್ಪನಿಗೆ ಉಳಿದದ್ದು ಎದೆ ತುಂಬಾ ಧೂಳು, ಜೊತೆಗೆ ಒಬ್ಬ ಸ್ನೇಹಿತ. ಎಂಬತ್ತರ ದಶಕದ ಮಾತಿದು. ಅವ್ವ ಆಗಲೇ ತೀರಿಕೊಂಡಿದ್ದಳು. ನನ್ನ ಗಂಡನಿಗೂ ಗಣಿಯಲ್ಲೇ ಕೆಲಸವಾದ್ದರಿಂದ ನಂದಿದುರ್ಗ ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಅಪ್ಪ ನಮ್ಮ ಜೊತೆಗೇ ಇದ್ದ. ಆ ಸ್ನೇಹಿತ ತಮಿಳಿನವನು, ರಾಬರ್ಟ್‌ಸನ್‌ಪೇಟೆಯಲ್ಲಿ ಮಗನ ಮನೆ. ನಾನು ಅವನನ್ನು ಮಾಮ ಅನ್ನುತ್ತಿದ್ದೆ.

ದಿನಾ ಬೆಳಗ್ಗೆ ಅಪ್ಪ ಇಲ್ಲಿಂದ, ಮಾಮ ಅಲ್ಲಿಂದ ಹೊರಟು ನಡುದಾರಿಯ ಮೋರಿ ಹತ್ತಿರ ಸೇರೋರು. ಮೋರಿಯ ಕಟ್ಟೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಹುಲಿ-ಮೇಕೆ ಆಟ. ಅಪ್ಪನದು ಕನ್ನಡ, ಮಾಮನದು ತಮಿಳು, ಬೈದಾಡೋದು ಮಾತ್ರ ತೆಲುಗಲ್ಲಿ. ಆಡಿ, ಬೈದು, ಕೆಮ್ಮಿ, ಬಿಸಿಲೇರೋ ಹೊತ್ತಿಗೆ ವಾಪಸು ಬಂದರೆ ಅಪ್ಪನ ಮುಖ ಮದುವೆ ಊಟ ಮಾಡಿ ಬಂದವರ ಹಾಗಿರುತ್ತಿತ್ತು. ಡಾಕ್ಟರು ಮಲಗಿರಿ ಅಂದಿದ್ದರು. ಮಲಗಿದವನು ಯಾವನು ಎದ್ದಿದ್ದಾನೆ ತೋರಿಸು ಅನ್ನುತ್ತಿದ್ದ ಅಪ್ಪ.

ಇಬ್ಬರಿಗೂ ಒಂದು ಹಠ. ಗಣಿಯೊಳಗೆ ಒಂದೇ ಮಿಷನ್ ಹಿಡಿದು ಬಂಡೆ ಕೊರೆದವರು ಅವರು. ಭಾರ ಅರ್ಧ ನಿಂದು, ಅರ್ಧ ನಂದು. ಇನ್ನೊಬ್ಬನ ಪಾಲಿಗೆ ಕೈ ಹಾಕಿದರೆ, ನಿನ್ನ ಕೈಲಾಗಲ್ಲ ಅಂತ ಮುಖಕ್ಕೇ ಅಂದ ಹಾಗೆ. ದಾರಿಗೂ ಅದೇ ಲೆಕ್ಕ.

ಒಂದು ಚಳಿಗಾಲ ಮಾಮನ ಉಸಿರು ಮೋರಿತನಕ ಬರದಾಯಿತು. ಅಪ್ಪ ಕಂಡೂ ಕಾಣದವನಂತೆ ನಸುಕಿಗೇ ಹೊರಟು, ಮೋರಿ ದಾಟಿ, ಆಚೆ ಹುಣಸೆಮರದ ಕೆಳಗೆ ಕೂತುಬಿಟ್ಟ. ಮೋರಿ ಹತ್ತಿರ ನಾಯಿ ಕಾಟ ಅಂತ ಸುಳ್ಳು. ಆಮೇಲೆ ಮರದಡಿ ಇರುವೆ ಅಂತ ಇನ್ನೂ ಮುಂದಕ್ಕೆ, ಒಂದು ಅಂಗಡಿ ಜಗಲಿಗೆ. ಮಾಮನ ದಾರಿ ಕಮ್ಮಿಯಾದಷ್ಟೂ ಅಪ್ಪನದು ಉದ್ದವಾಯಿತು. ಮನೆಗೆ ಬಂದರೆ ತುಟಿ ನೀಲಿ, ಮುದ್ದೆ ಮುರಿಯೋಕೂ ಕೈಯಲ್ಲಿ ಬಲವಿಲ್ಲ. ನನಗೋ ಮೈಯೆಲ್ಲಾ ಉರಿ. ಅವನನ್ನ ಉಳಿಸೋಕೆ ಹೋಗಿ ನೀನು ಸಾಯಿ, ನಾನಿಲ್ಲಿ ಬಾಯಿ ಬಡ್ಕೊಂಡು ಅಳ್ತೀನಿ ಅಂತ ಕೂಗಾಡಿದೆ. ಅವನ ಊರುಗೋಲು ಬಚ್ಚಿಟ್ಟೆ. ಅಪ್ಪ ಒಲೆ ಮುಂದಿನ ಸೌದೆಯೊಂದನ್ನು ಊರಿಕೊಂಡು ಹೊರಟ.

ಕಡೆಗೊಂದು ದಿನ ಅವನೊಬ್ಬನನ್ನೇ ಬಿಡಲು ಧೈರ್ಯ ಬರದೆ ನಾನೂ ಹೋದೆ. ಜಗಲಿಯಲ್ಲಿ ಮಾಮ ಇರಲಿಲ್ಲ. ನಿಂತು ನಿಂತು ಅವನ ಮನೆಯವರೆಗೂ ನಡೆದೆವು. ಮಾಮ ಮಂಚದಿಂದ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತಿದ್ದ. ಎದೆ ತಿದಿ ಒತ್ತಿದ ಹಾಗೆ ಏಳುತ್ತಿತ್ತು. ಅಪ್ಪನ ಸುಳ್ಳುಗಳೆಲ್ಲಾ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಅಂತ ಮುಖ ನೋಡಿದೊಡನೆ ನನಗೆ ತಿಳಿಯಿತು. ಆವತ್ತು ಅವನು ಕನ್ನಡದಲ್ಲೇ ಮಾತಾಡಿದ.

‘ನನ್ ಅರ್ಧ ನಾನು ಬಂದಿದೀನಿ ಕಣ್ಲಾ.’

‘ಊಂ ಕಣ್ಲಾ, ಬಂದಿದೀಯ,’ ಅಂದ ಅಪ್ಪ. ಹೊಸ್ತಿಲಾಚೆ ನೆಲದ ಮೇಲೆ ಕೂತು ಗೆರೆ ಎಳೆದ. ನಾನು ಬೀದಿ ಕಡೆ ತಿರುಗಿ ನಿಂತು ಅತ್ತುಬಿಟ್ಟೆ.

ಆ ವಾರದೊಳಗೆ ಮಾಮ ಹೋದ. ಮಣ್ಣು ಹಾಕಿ ಬಂದ ಅಪ್ಪ ಮಂಚ ಹಿಡಿದ. ಬೆಳಗಾಗಿ, ಬಿಸಿಲು ಬಾಗಿಲೊಳಗೆ ಬಂದರೂ ಏಳುತ್ತಿರಲಿಲ್ಲ. ಕಾಫಿ ಹಾಗೇ ಆರಿಹೋಗುತ್ತಿತ್ತು. ನಡೀಬೇಡ ಅಂತ ಕಿರುಚಿದವಳೇ ಈಗ ಚಪ್ಪಲಿ ತಂದು ಮಂಚದ ಮುಂದಿಟ್ಟೆ. ಎದ್ದೇಳು, ಒಂದ್ ಸುತ್ತು ಹೋಗಿ ಬಾ, ಹೀಗೆ ಬಿದ್ದಿದ್ರೆ ಉಳೀತೀಯಾ ಅಂತ ಬೈದೆ. ಆಮೇಲೆ ಕೈ ಮುಗಿದೆ.

‘ಎಲ್ಲಿಗ್ ಓಗ್ಲಮ್ಮಾ?’ ಅಂದ.