ಮುಖವಿಲ್ಲದ ವಾಲ್‌ಪೇಪರ್

"ಅಯ್ಯ, ಹೋತಲ್ರಿ ಅಕ್ಕಾರ! ಅದನ್ನ ಹಿಂದಕ ತರ್ರಿ!"

ಕಳೆದ ಭಾನುವಾರ ಮಧ್ಯಾಹ್ನ, ವಾಸ್ಕೋದ ನಮ್ಮ ಕಾರ್ಮಿಕ ಸಂಘದ ಕೋಣೆಯಲ್ಲಿ ಶಾಂತವ್ವ ಹೀಗೆ ಕೂಗುತ್ತ ಕುರ್ಚಿಯಿಂದ ಎದ್ದಳು. ಕಂಪ್ಯೂಟರಿನ ಪರದೆಯ ಮೇಲಿದ್ದ ಒಂದು ಕೈ ಮಾಯವಾಗಿ, ಆ ಜಾಗದಲ್ಲಿ ತೆರೆದ ಗಟಾರವೊಂದು ಬಂದಿತ್ತು.

ಆ ಕಂಪ್ಯೂಟರ್ ಬಂದಾಗ ಅದರ ಪರದೆಯ ತುಂಬ ಕಡಲತೀರಗಳಿದ್ದವು. ನೀಲಿ ನೀರು, ತೆಂಗಿನ ಮರ, ನುಣುಪಾದ ಮರಳು. ಆ ಮರಳನ್ನು ಗುಡಿಸಿದವರು ಮಾತ್ರ ಯಾವ ಚಿತ್ರದಲ್ಲೂ ಇರಲಿಲ್ಲ. ಈ ಸುಳ್ಳನ್ನು ಸಹಿಸುವುದು ಹೇಗೆ? ಸೆಟ್ಟಿಂಗ್ಸ್‌ಗೆ ಹೋಗಿ, ಸ್ಲೈಡ್‌ಶೋ ಆರಿಸಿ, 'ದೂರುಗಳು' ಎಂಬ ನನ್ನ ಫೋಲ್ಡರನ್ನು ಅದಕ್ಕೆ ಒಪ್ಪಿಸಿದೆ. ಅಂದಿನಿಂದ ಹತ್ತು ನಿಮಿಷಕ್ಕೊಂದು ಅನ್ಯಾಯ ತಾನಾಗಿಯೇ ಬರುತ್ತದೆ. ಒಡೆದ ಹೆಲ್ಮೆಟ್, ಬಾಗಿಲಿಲ್ಲದ ಶೌಚಾಲಯ, ರಕ್ಷಣಾ ಜಾಲರಿಯಿಲ್ಲದ ಯಂತ್ರ. (ಇಡೀ ದಿನ ಆ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಅಲುಗುವುದು ಅದೊಂದೇ. ಅದಕ್ಕಾಗಿ ಕಾಯುವುದೂ ನನಗೆ ರೂಢಿಯಾಗಿದೆ.)

ಶಾಂತವ್ವ ಬಂದಿದ್ದು ತಮ್ಮನ ಫೋಟೋ ಕೇಳಿಕೊಂಡು. ಮುತ್ತು ವೆರ್ಣಾದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ಬುಧವಾರ ಬೆಳಿಗ್ಗೆ ಕಂಪನಿ ಬಸ್ ಹತ್ತಿದವನು ಹಿಂದಿರುಗಿಲ್ಲ. ಫೋನ್ ಸ್ವಿಚ್ ಆಫ್. ಗುತ್ತಿಗೆದಾರನನ್ನು ಕೇಳಿದರೆ, "ಅವ ನಮ್ಮಾಂವ ಅಲ್ಲ." ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ಯಾರವನಾದಾನು? ಪೊಲೀಸರು ದೂರು ಬರೆದುಕೊಳ್ಳಲು ಫೋಟೋ ತರಲು ಹೇಳಿದ್ದಾರೆ. ಆಧಾರ್ ಕಾರ್ಡ್ ಅವನ ಜೇಬಿನಲ್ಲೇ ಹೋಗಿದೆ. ಮನೆಯಲ್ಲಿರುವ ಜೆರಾಕ್ಸಿನಲ್ಲಿ ಮುಖದ ಜಾಗದಲ್ಲಿ ಒಂದು ಕಪ್ಪು ಮಸಿ. ಶಾಂತವ್ವನದು ಬಟನ್ ಫೋನು.

"ಅವನ ಬೆರಳ ಜಜ್ಜಿದಾಗ ನೀವು ಫೋಟೋ ತಗದಿದ್ರಲ್ರಿ," ಎಂದು ನೆನಪಿಸಿದಳು. ಹೌದು, ತೆಗೆದಿದ್ದೆ. ನಾನು ಕಪಾಟಿನಲ್ಲಿ ಹಳೆಯ ಮನವಿಗಳನ್ನು ಹುಡುಕುತ್ತಿದ್ದಾಗಲೇ ಪರದೆಯ ಮೇಲೆ ಆ ಕೈ ಬಂದು ಹೋಗಿದ್ದು.

ಮೌಸಿನ ಬಲಗುಂಡಿ ಒತ್ತಿದೆ. ಮುಂದಿನ ಚಿತ್ರಕ್ಕೆ ಹೋಗಲು ಅಲ್ಲೊಂದು ಆಯ್ಕೆಯಿದೆ, ಹಿಂದಿನದಕ್ಕೆ ಮರಳಲು ಇಲ್ಲ! ಕೊನೆಗೆ ಫೋಲ್ಡರನ್ನೇ ತೆರೆದು ಒಂದೊಂದಾಗಿ ನೋಡಿದೆವು.

"ಇದ ನೋಡ್ರಿ! ಹೆಬ್ಬಟ್ಟಿನ ಕೆಳಗ ಸುಟ್ಟ ಕಲಿ. ಸಣ್ಣಾಂವಿದ್ದಾಗ ನನ್ನ ರೊಟ್ಟಿ ಹಂಚು ಹಿಡಕೊಂಡಿದ್ದ, ಹುಚ್ಚಪ್ಯಾಲಿ." ನಾಲ್ಕು ದಿನಗಳಲ್ಲಿ ಅವಳು ಮೊದಲ ಬಾರಿಗೆ ನಕ್ಕಿರಬೇಕು. "ಇನ್ನ ಮಾರಿ ತೋರಸ್ರಿ."

ಮುಖ ಇರಲಿಲ್ಲ.

ಮುತ್ತುವಿನದು ಮಾತ್ರವಲ್ಲ, ನೂರಾರು ಚಿತ್ರಗಳಲ್ಲಿ ಯಾರದೂ ಇರಲಿಲ್ಲ. ಅದು ನಮ್ಮ ನಿಯಮ. ಮುಖ ಕಂಡರೆ ಗುತ್ತಿಗೆದಾರ ಗುರುತು ಹಿಡಿಯುತ್ತಾನೆ, ಮರುದಿನ ಕೆಲಸವಿಲ್ಲ. ಆದ್ದರಿಂದ ಕೈ, ಕಾಲು, ಬೆನ್ನು ಮಾತ್ರ. ಈ ನಿಯಮವನ್ನು ಹೊಸ ಕಾರ್ಯಕರ್ತರಿಗೆ ಹೇಳಿಕೊಟ್ಟವಳೇ ನಾನು.

"ಗಟಾರದ ಫೋಟೋ ಇಷ್ಟ ಚಂದ ತಗದೀರಿ. ಮನಷ್ಯಾರ್ದೊಂದು ತಗೀಲಿಲ್ಲೇನ್ರಿ?"

ನಿಯಮವನ್ನು ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು.

"ಚಲೋನ ಮಾಡೀರಿ ಬಿಡ್ರಿ. ಖರೇ, ಅವನ ಮಾರಿ ನಿಮಗರ ನೆನಪೈತೇನು?"

ಕಣ್ಣು ಮುಚ್ಚಿದೆ. ಎರಡು ಬೆರಳಿನ ಬ್ಯಾಂಡೇಜು ನೆನಪಾಯಿತು. ನಾನು ಬರೆದ ಮನವಿಯ ಮೊದಲ ಸಾಲೂ ನೆನಪಾಯಿತು. ನನ್ನೆದುರು ಒಂದು ತಾಸು ಕುಳಿತಿದ್ದವನ ಮುಖ ಮಾತ್ರ ಬರಲಿಲ್ಲ. ಶಾಂತವ್ವ ಸೆರಗಿನಿಂದ ಪರದೆಯ ಧೂಳನ್ನು, ಆ ಕೈಯ ಮೇಲಿನದಷ್ಟನ್ನೇ, ಒರೆಸಿದಳು.

ಆ ಕೈಯ ಪ್ರಿಂಟ್ ತೆಗೆದುಕೊಂಡು ಇಬ್ಬರೂ ಠಾಣೆಗೆ ಹೋದೆವು. ನಾನು ವಾದ ಮಾಡಿದ ಮೇಲೆ ದೂರು ಬರೆದುಕೊಂಡರು. ಸುಟ್ಟ ಕಲೆ 'ಗುರುತಿನ ಚಿಹ್ನೆ'ಯ ಸಾಲಿಗೆ ಸೇರಿತು. ಫೋಟೋ ಅಂಟಿಸುವ ಚೌಕ ಖಾಲಿಯೇ ಉಳಿಯಿತು.

ಇದನ್ನು ಬರೆಯುವ ಹೊತ್ತಿಗೂ ಮುತ್ತು ಬಂದಿಲ್ಲ. ಗುತ್ತಿಗೆದಾರನ ತಪ್ಪನ್ನು ಬರೆದಿದ್ದೇನೆ, ಕಾರ್ಖಾನೆಯ ತಪ್ಪನ್ನೂ ಬರೆದಿದ್ದೇನೆ. ಆದರೆ ನಾಳೆ ವಾಸ್ಕೋದ ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನೆದುರೇ ಬಂದು ನಿಂತರೆ, "ಸ್ವಲ್ಪ ಕೈ ತೋರಿಸಪ್ಪ" ಎಂದು ಕೇಳಲೇನು?